ಕೇಳದೆ ಬಂದ ಮಾತು

ಸಲೋನಿಕಾ, ತಮೂಜ್ ತಿಂಗಳ ಹತ್ತು, ೫೩೩೪

ಸಫೇದಿನ ಬೆಟ್ಟ ಹತ್ತಿ ಕುಳಿತಿರುವ ಸೆಮಾಹ್‌ಗೆ,

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರೆಂದು ಹೆದರಬೇಡ. ಒಬ್ಬ ಸತ್ತಿದ್ದಾನೆ, ನಿಜ. ಆದರೆ ಅದನ್ನು ರುಜುವಾತು ಮಾಡಲಾಗುತ್ತಿಲ್ಲ. ಈ ಕಾಗದ ಅದಕ್ಕಾಗಿಯೇ.

ರೇವಿನ ಬೀದಿಯ ಬರ್ಜಿಲಾಯ್ ನಿನಗೆ ನೆನಪಿರಲಾರದು. ನೀನು ಊರು ಬಿಟ್ಟಾಗ ಅವನಿನ್ನೂ ಮೀಸೆ ಮೂಡದ ಹುಡುಗ. ದೊಡ್ಡವನಾಗಿ ಸಾಬೂನಿನ ವ್ಯಾಪಾರ ಹಿಡಿದ. ನಾಲ್ಕು ವರ್ಷದ ಹಿಂದೆ ಪೆಟ್ಟಿಗೆಗಳ ಜೊತೆ ಹಡಗು ಹತ್ತಿದ. ಖಿಯೋಸ್ ದ್ವೀಪದ ಹತ್ತಿರ ಬಿರುಗಾಳಿಗೆ ಹಡಗು ಒಡೆಯಿತು. ಕೆಲವರು ಬದುಕಿ ಬಂದರು, ಅವನು ಬರಲಿಲ್ಲ. ಅವನ ಹೆಂಡತಿ ಒರೋವಿದಾಗೆ ಈಗ ಇಪ್ಪತ್ತಾರು. ಹೆಂಡತಿಯೆನ್ನಲು ಗಂಡನಿಲ್ಲ, ವಿಧವೆಯೆನ್ನಲು ಹೆಣವಿಲ್ಲ. ಆಕೆ ಮರುಮದುವೆಯಾಗುವಂತಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಅಳುವಂತೆಯೂ ಇಲ್ಲ ಎಂಬುದನ್ನು ಊರು ಮರೆತಿದೆ. ಕಪ್ಪು ಉಡುವಂತಿಲ್ಲ, ಶೋಕಕ್ಕೆ ನೆಲದ ಮೇಲೆ ಕೂರುವಂತಿಲ್ಲ. ಅವಳು ಶೋಕ ಮಾಡಿದರೆ ಗಂಡ ಸತ್ತದ್ದು ಖಚಿತವೆಂದು ಜನ ನಂಬಿಬಿಡುತ್ತಾರೆ ಎಂದು ಶಾಸ್ತ್ರ ಅದನ್ನೂ ತಡೆದಿದೆ.

ಹೋದ ವಾರ ನಮ್ಮ ನ್ಯಾಯಸಭೆಗೆ ಬಂದು ನಿಂತಳು. "ರಬ್ಬಿಗಳೇ, ನಾನು ಯಾರು ಅಂತ ಒಂದು ಮಾತು ಹೇಳ್ಬಿಡಿ, ಸಾಕು," ಎಂದಳು. ನನ್ನ ಪಕ್ಕದಲ್ಲಿದ್ದ ಹಿರಿಯರು, "ಯಾರಾದ್ರೂ ವರ ಕಾಯ್ತಿದಾನೇನಮ್ಮ?" ಎಂದು ಕೇಳಿದರು. "ಯಾರೂ ಇಲ್ಲ. ಬೆಳಗ್ಗೆ ಎದ್ದು ತಲೆಗೆ ಯಾವ ಬಣ್ಣದ ಬಟ್ಟೆ ಕಟ್ಕೋಬೇಕು ಅನ್ನೋದೇ ನಂಗೆ ಗೊತ್ತಾಗ್ತಿಲ್ಲ, ವರನ್ನ ತಗೊಂಡು ಏನ್ ಮಾಡ್ಲಿ," ಎಂದಳು. 

ಇಂಥ ತೀರ್ಪಿಗೆ ಮೂರು ಸಹಿ ಬೇಕು, ಮೂರನೆಯದು ಬೇರೆ ಊರಿನವನದಾಗಿರಬೇಕು ಎಂದು ಇಲ್ಲಿಯ ನಮ್ಮ ಯೆಹೂದಿ ಸಮುದಾಯ ಕಟ್ಟು ಮಾಡಿಕೊಂಡಿದೆ. ಯಾವ ವರ್ಷ ಮಾಡಿತು, ಏಕೆ ಮಾಡಿತು ಎಂದು ನಾನು ಬರೆಯುವುದಿಲ್ಲ. ನಾನು ಹೌದೆಂದಿದ್ದೇನೆ. ಹಿರಿಯರೂ ಹೌದೆಂದಿದ್ದಾರೆ. ನಿನ್ನ ಹೌದು ಬೇಕು. ಇಡೀ ಸಲೋನಿಕಾದಲ್ಲಿ ಎಡವಿ ಬಿದ್ದರೂ ಹೌದು ಎನ್ನುತ್ತಿದ್ದವನು ನೀನೊಬ್ಬನೇ, ಆದ್ದರಿಂದ ಅದು ಕಷ್ಟವಾಗಲಾರದು.

ಒಂದು ಕೊರತೆಯಿದೆ, ಮುಚ್ಚಿಡುವುದಿಲ್ಲ. ಬದುಕಿ ಬಂದವರಲ್ಲಿ ಒಬ್ಬ ಗ್ರೀಕ್ ಅಂಬಿಗ ಬರ್ಜಿಲಾಯ್ ಸತ್ತದ್ದನ್ನು ಹೇಳಿದ್ದಾನೆ. ಆದರೆ ತಾನಾಗಿ ಹೇಳಲಿಲ್ಲ. ಒರೋವಿದಾಳ ತಾಯಿ ಬುಲಾ ಅವನು ದೋಣಿಯಿಂದ ಇಳಿಯುವುದೇ ತಡ, ತೋಳು ಹಿಡಿದು, "ನಮ್ಮಳಿಯ ಸತ್ತಿದ್ದು ನೋಡಿದ್ಯೇನಪ್ಪಾ?" ಎಂದು ಕೇಳಿಬಿಟ್ಟಳು. ಅವನು ನೋಡಿದೆ ಎಂದ. ನಮ್ಮ ಧರ್ಮದ ಹೊರಗಿನವನು ತಾನಾಗಿ, ಮಾತಿನ ಮಧ್ಯೆ, ಯಾರೂ ಕೇಳದೆ ಹೇಳಿದ್ದರೆ ಅದು ಸಾಕ್ಷಿ. ಕೇಳಿದ್ದಕ್ಕೆ ಹೇಳಿದರೆ ಅದು ಬರಿಯ ಉತ್ತರ; ಮುದುಕಿಯ ಮುಖ ನೋಡಿ ಅವಳಿಗೆ ಬೇಕಾದದ್ದನ್ನೇ ಹೇಳಿರಬಹುದು. ಆದರೂ ನಾಲ್ಕು ವರ್ಷವಾಯಿತು. ಏನಾದರೂ ದಾರಿ ಹುಡುಕು.

ಎಲ್ಲರಿಗಿಂತ ಚಿಕ್ಕವನು,
ವಿದಾಲ್


ಸಫೇದ್, ಎಲೂಲ್ ತಿಂಗಳು, ನ್ಯಾಯಾಧೀಶರ ಅಧ್ಯಾಯ ಓದುವ ವಾರ, ೫೩೩೪

ವಿದಾಲ್,

ನಿನ್ನ ಕಾಗದವನ್ನು ಮೂರು ದಿನ ಒಡೆಯಲಿಲ್ಲ. ಮಗ್ಗದ ಪಕ್ಕದ ಗೂಡಿನಲ್ಲಿಟ್ಟು, ಉಣ್ಣೆ ನೇಯುತ್ತ, ಓರೆಗಣ್ಣಿನಲ್ಲಿ ಅದನ್ನೇ ನೋಡುತ್ತಿದ್ದೆ. ನೀನು ಬೈದು ಬರೆದಿರುತ್ತೀಯೆಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

ಒರೋವಿದಾಳ ಮಾತು ಓದಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಹಿರಿಯರಿಗೆ ಹಾಗೆಂದರೂ ಅವಳಿಗಾಗಿ ಯಾರೋ ಒಬ್ಬ ಕಾಯುತ್ತಿರಲೇಬೇಕು, ಅವನಿಗಾಗಿಯೂ ನನಗೆ ಮರುಕವಿದೆ. ಆದರೆ ನನ್ನ ಉತ್ತರ ಇಲ್ಲ.

ಕಾರಣ ನಿನಗೆ ಗೊತ್ತು. ನನಗೆ ಕಲಿಸಿದವನೇ ನೀನು. ಕೆರೆಯಲ್ಲಿ ಮುಳುಗಿದವನಾದರೆ ನಾಲ್ಕು ದಡವೂ ಕಾಣುತ್ತವೆ, ಏಳಲಿಲ್ಲವೆಂದರೆ ಸತ್ತ. ಸಮುದ್ರಕ್ಕೆ ದಡ ಕಾಣದು. ಯಾವುದೋ ಕಲ್ಲು ಹಿಡಿದು ಯಾವುದೋ ಊರು ಸೇರಿರಬಹುದು. ಇನ್ನು ಕೇಳಿ ಪಡೆದ ಮಾತಿನ ಮೇಲೆ ಹೆಣ್ಣಿನ ಬಾಳು ನಿಲ್ಲಿಸಲು ನನ್ನ ಕೈ ಬರುವುದಿಲ್ಲ. ಈ ಹನ್ನೊಂದು ವರ್ಷ ಇಂಥ ಒಂದು ಕಾಗದಕ್ಕೂ ನಾನು ಸಹಿ ಹಾಕಿಲ್ಲ.

ನನಗೆ ಬೆರಗಾದದ್ದು ಬೇರೆಯದು. ನೀನು ಹೌದೆಂದೆಯಾ? ನಮ್ಮ ಪಾಠಶಾಲೆಯ ಬೆಂಚು ನೆನೆಸಿಕೊಂಡೆ. ಬೆಳಗ್ಗೆ ಒಬ್ಬ 'ಆಗಬಹುದು' ಎಂದು ವಾದಿಸಬೇಕು, ಇನ್ನೊಬ್ಬ 'ಕೂಡದು' ಎನ್ನಬೇಕು. ಊಟವಾದ ಮೇಲೆ ಗುರುಗಳು ಇಬ್ಬರನ್ನೂ ಎಬ್ಬಿಸಿ ಜಾಗ ಬದಲಿಸುತ್ತಿದ್ದರು. 'ಕೂಡದು' ನಿನ್ನ ಪಾಲಿಗೆ ಬಂದ ದಿನ ನಿನಗೆ ಹಸಿವೆಯೇ ಆಗುತ್ತಿರಲಿಲ್ಲ. 'ಆಗಬಹುದು' ಬಂದ ದಿನ ಮುಖ ಹರಳೆಣ್ಣೆ ಕುಡಿದವನ ಹಾಗಿರುತ್ತಿತ್ತು. ಈಗ ನಮ್ಮನ್ನು ಯಾರು ಎಬ್ಬಿಸಿ ಜಾಗ ಬದಲಿಸಿದರು?

ಇಲ್ಲಿ ಸಂಜೆ ಮಗ್ಗ ನಿಲ್ಲಿಸಿದ ಮೇಲೆ ನಾವು ಆರೇಳು ಜನ ಕೂಡುತ್ತೇವೆ. ಒಬ್ಬ ಬಣ್ಣ ಹಾಕುವವನು, ಒಬ್ಬ ಕುರಿ ಕಾಯುವವನು. ಓದುವುದು ಮಾತ್ರ ದೇವರ ಗುಟ್ಟು. ದೇವರಿಗೆ ಬಲಗೈ ಉಂಟು, ಎಡಗೈ ಉಂಟು ಎನ್ನುತ್ತಾರೆ. ಬಲಗೈ ದಯೆ, ಎಡಗೈ ನ್ಯಾಯ. ಬರೀ ದಯೆಯಿದ್ದಿದ್ದರೆ ಲೋಕ ನೀರಿನ ಹಾಗೆ ಹರಡಿಹೋಗಿ ಒಂದಕ್ಕೂ ಆಕಾರ ಇರುತ್ತಿರಲಿಲ್ಲ. ಬರೀ ನ್ಯಾಯವಿದ್ದಿದ್ದರೆ ಉರಿದುಹೋಗುತ್ತಿತ್ತು. ಎರಡೂ ಕೂಡುವ ಜಾಗಕ್ಕೆ ಚೆಲುವು ಎಂದು ಹೆಸರಿಟ್ಟಿದ್ದಾರೆ. ಇದನ್ನು ಮೊದಲ ಸಲ ಕೇಳಿದ ದಿನ ಎಲ್ಲರೂ ಮೇಲೆ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ಆ ಹಳೆಯ ಬೆಂಚು, ಅದರ ಆಚೆ ತುದಿಯಲ್ಲಿ ಹುಬ್ಬು ಗಂಟಿಕ್ಕಿ ಕುಳಿತ ನೀನು.

ಆ ಹೆಣ್ಣಿಗೆ ನನ್ನ ಹೆಸರು ಹೇಳಬೇಡ.

ಸೆಮಾಹ್


ಸಲೋನಿಕಾ, ಹೆಶ್ವಾನ್ ತಿಂಗಳು, ನೋಹನ ಅಧ್ಯಾಯ ಓದುವ ವಾರ, ೫೩೩೫

ಸೆಮಾಹ್,

ನೀನು ಹೇಳಿದ್ದೆಲ್ಲ ಸರಿ. ನನಗೆ ಸಿಟ್ಟು ಬಂದಿರುವುದೂ ಅದಕ್ಕೇ.

ಒಂದೇ ತಪ್ಪು ತಿದ್ದುತ್ತೇನೆ. ಅವಳಿಗಾಗಿ ಯಾರೂ ಕಾಯುತ್ತಿಲ್ಲ. ಹೆಣ್ಣೊಬ್ಬಳು ಬಿಡುಗಡೆ ಕೇಳಿದರೆ ಹಿಂದೆ ಗಂಡಸೊಬ್ಬ ಇರಲೇಬೇಕು ಎಂದುಕೊಳ್ಳುವುದು ನಮ್ಮೆಲ್ಲರ ರೋಗ. ಅವಳಿಗೆ ಬೇಕಾಗಿರುವುದು ತಾನು ಏನು ಎಂಬ ಉತ್ತರ.

ಸರಿ, ಕೇಳಿ ಪಡೆದ ಮಾತು ಬೇಡ. ಕೇಳದೆ ಬರುವ ಮಾತಿಗೆ ಕಾಯುತ್ತೇನೆ. ಆ ಹಡಗಿನಿಂದ ಬದುಕುಳಿದವರು ಅಂಬಿಗನೊಬ್ಬನೇ ಅಲ್ಲ, ಇನ್ನೂ ಮೂರೋ ನಾಲ್ಕೋ ಜನ ಇದ್ದಾರೆ. ಯಾವ ಹಡಗಿನಲ್ಲಿದ್ದಾರೋ ಗೊತ್ತಿಲ್ಲ. ಆದರೆ ಸಲೋನಿಕಾಗೆ ಬಂದ ಗ್ರೀಕ್ ನಾವಿಕ ಮೊದಲು ಹೋಗುವುದು ಇಗರ್ಜಿಗಲ್ಲ, ರೇವಿನ ಕ್ಷೌರದಂಗಡಿಗೆ. ಇಗೋ, ಹೊಸವರ್ಷದ ಹಬ್ಬಗಳು ಮುಗಿದಾಗಿನಿಂದ ಶನಿವಾರ ಬಿಟ್ಟು ದಿನವೂ ಅಲ್ಲಿನ ಬೆಂಚಿನ ಮೇಲೆ ನಾನಿದ್ದೇನೆ. ಬೆಳಗಿನ ಪ್ರಾರ್ಥನೆ ಮುಗಿಸಿ ಹೋದರೆ ಮಧ್ಯಾಹ್ನದ ಪ್ರಾರ್ಥನೆಗೆ ಏಳುತ್ತೇನೆ. ನ್ಯಾಯಸಭೆ ಮಧ್ಯಾಹ್ನದ ಮೇಲೆ ಕೂಡುತ್ತದೆ.

ನನ್ನ ಹೆಂಡತಿ ರೇನಾ ನಿನಗೆ ಗೊತ್ತಲ್ಲ, ಬಾಯಿ ಸುಮ್ಮನಿರುವುದಿಲ್ಲ. "ಜನ್ಮದಲ್ಲಿ ಗಡ್ಡಕ್ಕೆ ಕತ್ತಿ ಮುಟ್ಟಿಸದ ರಬ್ಬಿ ಕ್ಷೌರದಂಗಡೀಲಿ ಏನ್ ಮಾಡ್ತಾರೆ ಅಂತ ಊರೆಲ್ಲ ನಗ್ತಿದೆ ಕಣ್ರೀ," ಎನ್ನುತ್ತಾಳೆ. ಹಾಗೆನ್ನುತ್ತಲೇ ಬೇಯಿಸಿದ ಮೊಟ್ಟೆ, ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾಳೆ. ಕ್ಷೌರಿಕ ಒಳ್ಳೆಯವನು, ರೇವಿನವರ ಹಲ್ಲು ಕೀಳುವವನೂ ಅವನೇ. ಎರಡು ವಾರ ನೋಡಿದ. "ಅಜ್ಜ, ಕೂದ್ಲಂತೂ ಅಲ್ಲ. ಹಲ್ ನೋವಾ? ಹೇಳೋಕೆ ಭಯಾನಾ?" ಎಂದು ಕೇಳಿದ. ಅವನ ಬೆಂಚು ಹಿಡಿದು ಸುಮ್ಮನೆ ಕೂರಲು ನನಗೂ ಸಂಕೋಚ. ಹೌದೆಂದೆ. ಗಟ್ಟಿಮುಟ್ಟಾದ ದವಡೆ ಹಲ್ಲೊಂದು ಹೋಯಿತು.

ಕಷ್ಟ ಕೂರುವುದರಲ್ಲಿಲ್ಲ, ಕೇಳದೆ ಇರುವುದರಲ್ಲಿದೆ. ನಲವತ್ತು ವರ್ಷ ಪ್ರಶ್ನೆ ಕೇಳಿಯೇ ಬದುಕಿದವನು ನಾನು. ಈಗ ಬಾಯಿ ತೆರೆದರೆ ಬುಲಾ ಮಾಡಿದ್ದನ್ನೇ ಮಾಡಿದ ಹಾಗೆ. ಆ ಮುದುಕಿಯನ್ನು ನಾನು ಸಭೆಯಲ್ಲಿ ಗದರಿದ್ದೆ. ಮೊನ್ನೆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ.

ವಿದಾಲ್


ಸಲೋನಿಕಾ, ತೆವೆತ್ ತಿಂಗಳು, ೫೩೩೫

ಸೆಮಾಹ್,

ಚಳಿಗಾಲಕ್ಕೆ ಸಮುದ್ರ ಮುಚ್ಚಿದೆ, ಹಡಗು ಹೊರಡುತ್ತಿಲ್ಲ. ಈ ಚೀಟಿ ಯಾವಾಗ ಸಿಗುತ್ತದೋ.

ನಿನ್ನೆ ಒಬ್ಬ ನಾವಿಕ ಬಂದು ಕುರ್ಚಿಯ ಮೇಲೆ ಕುಳಿತವನೇ ಖಿಯೋಸ್ ಎಂದ. ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗಡ್ಡ ಕಚ್ಚಿಕೊಂಡು ಕುಳಿತೆ. ಅವನು ಅಲ್ಲಿನ ಅಂಜೂರದ ರುಚಿ ವರ್ಣಿಸಿ, ಮುಖ ಒರೆಸಿಕೊಂಡು ಎದ್ದುಹೋದ.

ಎರಡನೆಯ ಹಲ್ಲೂ ಹೋಯಿತು. ಇದು ಮಾತ್ರ ನಿಜವಾಗಿ ನೋಯುತ್ತಿತ್ತು.

ವಿದಾಲ್


ಸಫೇದ್, ನಿಸಾನ್ ತಿಂಗಳ ಇಪ್ಪತ್ತಮೂರು, ಎಣಿಕೆಯ ಎಂಟನೆಯ ದಿನ, ೫೩೩೫

ನನ್ನ ವಿದಾಲ್,

ನಿನ್ನ ಎರಡೂ ಕಾಗದ ಚಳಿಗಾಲ ಕಳೆಯುವವರೆಗೆ ಯಾರದೋ ಗಂಟಿನಲ್ಲಿದ್ದು, ಸಿದೋನ್ ರೇವಿನ ಮೂಲಕ ವಸಂತದ ಹಬ್ಬದ ಹಿಂದಿನ ದಿನ ಒಟ್ಟಿಗೆ ಬಂದವು. ಹಲ್ಲಿನ ವಿಷಯ ಓದಿ ನಕ್ಕೆ. ನಗುತ್ತಿದ್ದವನು ಯಾವಾಗ ಅಳತೊಡಗಿದೆನೋ ತಿಳಿಯಲಿಲ್ಲ. ಬಣ್ಣ ಹಾಕುವವನಿಗೂ ಕುರಿ ಕಾಯುವವನಿಗೂ ಓದಿ ಹೇಳಿದೆ. "ಆ ಮನುಷ್ಯ ಇಲ್ಲಿಗ್ ಬಂದು ನಮ್ಗೆ ಪಾಠ ಹೇಳ್ಬೇಕಿತ್ತು, ನೀವಲ್ಲ," ಎಂದ ಕುರಿ ಕಾಯುವವನು. ನಾನು ಒಪ್ಪಿದೆ.

ಹಬ್ಬದಿಂದಾಚೆಗಿನ ಈ ಏಳು ವಾರ ನಾವು ದಿನಗಳನ್ನು ಎಣಿಸುವುದು ಸಲೋನಿಕಾದಲ್ಲೂ ಇದ್ದದ್ದೇ. ಇಲ್ಲಿಯವರು ಒಂದೊಂದು ದಿನಕ್ಕೂ ಒಂದು ಹೆಸರಿಟ್ಟಿದ್ದಾರೆ. ಮೊದಲ ವಾರ ದಯೆಯದು, ಅದರಲ್ಲೊಂದು ದಿನ ದಯೆಯೊಳಗಿನ ನ್ಯಾಯದ್ದು. ಎರಡನೆಯ ವಾರ ನ್ಯಾಯದ್ದು. ಅದರ ಮೊದಲ ದಿನ, ಇವತ್ತು, ನ್ಯಾಯದೊಳಗಿನ ದಯೆಯ ದಿನ. ದಯೆ ಮತ್ತು ನ್ಯಾಯ ಕೂಡುವುದೆಂದರೆ ಅರ್ಧ ಅದು, ಅರ್ಧ ಇದು, ಬಿಸಿನೀರಿಗೆ ತಣ್ಣೀರು ಬೆರೆಸಿದ ಹಾಗೆ ಎಂದು ನಾನು ವರ್ಷಗಟ್ಟಲೆ ತಿಳಿದಿದ್ದೆ. ಹಾಗಲ್ಲ. ನ್ಯಾಯ ಪೂರ್ತಿ ನ್ಯಾಯವಾಗಿದ್ದೇ ಅದರ ಒಳಗಿನಿಂದ ದಯೆ ಬರಬೇಕಂತೆ. ಅದು ಹೇಗಿರುತ್ತದೆಂದು ನನಗೆ ಈ ವರ್ಷದವರೆಗೆ ತಿಳಿದಿರಲಿಲ್ಲ. ಕ್ಷೌರದಂಗಡಿಯ ಬೆಂಚಿನ ಮೇಲೆ, ಒಂದು ಮಾತೂ ಕೇಳದೆ, ಎರಡು ಹಲ್ಲು ಕಳೆದುಕೊಂಡು ಕುಳಿತಿರುತ್ತದೆ.

ಈಗ ನಾನೊಂದು ಮಾತು ಹೇಳಬೇಕು. ನೀನು ಕೇಳಿಲ್ಲ. ಆ ದಿನವೂ ಕೇಳಲಿಲ್ಲ, ನಾನು ಯಾರಿಗೂ ಹೇಳದೆ ಬೆಳಗಿನ ದೋಣಿ ಹತ್ತಿದಾಗಲೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ನೆಪ ಹೇಳುತ್ತಿದ್ದೆ.

ಲೂನಾಳ ಗಂಡ ಜ್ವರದಲ್ಲಿ ಸತ್ತನೆಂದು ಹೇಳಲು ಬಂದ, ನಮ್ಮವನೇ ಆದ ಸಾಕ್ಷಿಯನ್ನು ನೆನೆಸಿಕೊ. "ಮುಖ ನೋಡಿದ್ಯಾ?" ಎಂದು ನಾನು ಕೇಳಿದೆ. "ನೋಡ್ದೆ," ಎಂದ. ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು. ನಾನು ಅದನ್ನು ನೋಡಿದೆ, ವಿದಾಲ್. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಲೂನಾ ಬಾಗಿಲ ಬಳಿ ತಲೆಬಟ್ಟೆಯ ತುದಿ ಬಾಯಿಗೊತ್ತಿ ಅಳುತ್ತಿದ್ದಳು. ಕೇಳಿದರೆ ಸಾಕ್ಷಿ ಕುಸಿದುಬೀಳಬಹುದೆಂದು ಹೆದರಿ, ಸಾಕು ಎಂದುಬಿಟ್ಟೆ. ನೀನು ಕೂಡದು ಎಂದೆ. ನಾನೂ ಸಭೆಯ ಮೂರನೆಯವರೂ ಸೇರಿ ನಿನ್ನ ಒಂದು ಮತವನ್ನು ಸೋಲಿಸಿದೆವು. ಅವಳು ಮದುವೆಯಾದಳು, ಹೆಣ್ಣುಮಗು ಹುಟ್ಟಿತು. ಎರಡು ವರ್ಷವಾದ ಮೇಲೆ ಸೆರೆಯಾಳಾಗಿ ದೋಣಿಯ ಹುಟ್ಟು ಹಾಕುತ್ತಿದ್ದ ಮೊದಲ ಗಂಡ ಬಿಡಿಸಿಕೊಂಡು ಬಂದು ಬಾಗಿಲು ತಟ್ಟಿದ. ಶಾಸ್ತ್ರದ ಪ್ರಕಾರ ಲೂನಾ ಇಬ್ಬರನ್ನೂ ಕಳೆದುಕೊಂಡಳು. ಆ ಮಗು ನಮ್ಮ ಜನರೊಳಗೆ ಎಂದೂ ಮದುವೆಯಾಗುವಂತಿಲ್ಲ.

ಅವಳನ್ನು ಕಾಪಾಡಿದೆ ಎಂದು ಆ ದಿನ ಹೆಮ್ಮೆಯಿಂದ ಮನೆಗೆ ಹೋಗಿದ್ದೆ. ಎಡಗೈಯಿಲ್ಲದ ಬಲಗೈ ನನ್ನದು. ಆಮೇಲೆ ಹೆದರಿ ಅದನ್ನೂ ಕಟ್ಟಿಕೊಂಡು ಕುಳಿತೆ. ಒರೋವಿದಾಗೆ ನಾನು ಇಲ್ಲ ಎಂದದ್ದು ನ್ಯಾಯವಾಗಿಯೇ ಇತ್ತು, ಆದರೆ ಹೇಳಿದ್ದು ಭಯ.

ಇಷ್ಟೇ. ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಸೆಮಾಹ್


ಸಲೋನಿಕಾ, ಸಿವಾನ್ ತಿಂಗಳ ಇಪ್ಪತ್ತು, ೫೩೩೫

ಸೆಮಾಹ್,

ಬಂತು. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಒಂದು ಅಕ್ಷರವನ್ನೂ ನಂಬದೆ ಓದು.

ಸೋಮವಾರ, ಹೊತ್ತು ಏರಿತ್ತು. ಅಂಗಡಿಯಲ್ಲಿ ಕ್ಷೌರಿಕ, ನಾನು, ಮುಖಕ್ಕೆಲ್ಲ ಸಾಬೂನು ಬಳಿಸಿಕೊಂಡು ಕುಳಿತಿದ್ದ ದಪ್ಪನೆಯ ಗ್ರೀಕನೊಬ್ಬ. ಹೆಸರು ಸ್ತಾಮಾತಿಸ್ ಎಂದು ಆಮೇಲೆ ತಿಳಿಯಿತು, ಹಡಗಿನ ಅಡುಗೆಯವನು. ಕ್ಷೌರಿಕನ ಹೆಂಡತಿ ಒಳಗಿನಿಂದ ಎಲ್ಲರಿಗೂ ಮೀನಿನ ತಟ್ಟೆ ಕಳಿಸಿದಳು. ನಾನು ಬೇಡವೆಂದು ಕೈಯಾಡಿಸಿ, ಕೈ ತೊಳೆದು, ನನ್ನ ಬಟ್ಟೆ ಬಿಚ್ಚಿ ಮೊಟ್ಟೆ ಸುಲಿಯತೊಡಗಿದೆ. ಅಷ್ಟೇ ನಾನು ಮಾಡಿದ್ದು.

ಆ ಅಡುಗೆಯವನು ಮೊಟ್ಟೆ ನೋಡಿ ಸಾಬೂನಿನ ಒಳಗಿನಿಂದಲೇ ನಕ್ಕ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ: "ನಿಮ್ಮೋರೆಲ್ಲ ಹಿಂಗೇ ಕಣಜ್ಜ. ನಮ್ ಹಡಗಲ್ಲೂ ಒಬ್ಬ ಇದ್ದ, ಇದೇ ಊರೋನು, ಬರ್ಜಿಲಾಯ್ ಅಂತ, ಸಾಬೂನು ಮಾರೋನು. ಸತ್ರೂ ನನ್ ಪಾತ್ರೇಲಿ ತಿಂತಿರ್ಲಿಲ್ಲ. ತನ್ನದೇ ಪಾತ್ರೆ, ತನ್ನದೇ ಬೇಳೆ. ನಾನು ದಿನಾ ರೇಗ್ಸೋನು, ಅವ್ನು ದಿನಾ ನಗೋನು. ಪಾಪ, ಖಿಯೋಸ್ ಹತ್ರ ಹೋದ. ಹಡಗು ಒಡೆದು ನಾನ್ ದಡಕ್ ಬಿದ್ದ ಹೊತ್ಗೆ ಸರಿಯಾಗಿ ಅಲೆ ಅವನ ಹೆಣಾನ ನನ್ ಪಕ್ಕಕ್ಕೇ ತಂದ್ ಹಾಕ್ತು. ಮುಖ ಹಂಗೇ ಇತ್ತು, ಬೆಳಗ್ಗೆ ನನ್ ಹತ್ರ ಉಪ್ಪು ಇಸ್ಕೊಂಡೋನ ಮುಖ. ನಾನೇ ಮಣ್ ಮಾಡ್ದೆ, ದಡದ ಮೇಲೆ, ಒಂದು ಗಿಡದ್ ಕೆಳಗೆ. ನಿಮ್ ಪ್ರಾರ್ಥನೆ ನಂಗ್ ಬರಲ್ಲ. ನಮ್ದೇ ಹೇಳ್ದೆ. ಅವ್ನು ಬೇಜಾರ್ ಮಾಡ್ಕೊಂಡಿರಲ್ಲ."

ಈಗ ನನ್ನ ತಪ್ಪು. ನಾನು ಕೆಮ್ಮಿದೆ. ಮೊಟ್ಟೆ ಗಂಟಲಿಗೆ ಸಿಕ್ಕಿತ್ತು. ಅವನು "ಬರ್ಜಿಲಾಯ್ ಅಂತ" ಎಂದ ಮೇಲೆ, "ಸಾಬೂನು ಮಾರೋನು" ಎನ್ನುವ ಮೊದಲು. ಕೆಮ್ಮಿ ಅವನ ಮುಖ ನೋಡಿದೆ. ಅದು ಕೇಳಿದ ಹಾಗಾಯಿತೇ? ನನ್ನ ಕಣ್ಣು ಏನನ್ನಾದರೂ ಕೇಳಿತೇ? ಐದು ದಿನದಿಂದ ಇದೇ ಯೋಚನೆ. ನಾನು ಆ ಹೆಣ್ಣಿನ ಪಕ್ಷದವನಾಗಿಬಿಟ್ಟಿದ್ದೇನೆ, ನನ್ನ ಮಾತು ನನಗೇ ನಂಬಿಕೆಯಿಲ್ಲ. ಅವಳಿಗೂ ಇನ್ನೂ ಹೇಳಿಲ್ಲ. ತೀರ್ಪು ನಿನ್ನದು. ಕೂಡದು ಎಂದರೆ ಮರುದಿನವೇ ಹೋಗಿ ಮತ್ತೆ ಬೆಂಚಿನ ಮೇಲೆ ಕೂರುತ್ತೇನೆ. ಬಾಯಲ್ಲಿ ಇನ್ನೂ ಹದಿನೇಳು ಹಲ್ಲಿವೆ.

ನಿನ್ನ ನಿಸಾನ್ ತಿಂಗಳ ಕಾಗದಕ್ಕೆ ಉತ್ತರ. ಆ ಸಾಕ್ಷಿಯ ಕಣ್ಣು ನೆಲದ ಮೇಲಿದ್ದದ್ದನ್ನು ನಾನೂ ನೋಡಿದ್ದೆ. ನಾನೂ ಕೇಳಲಿಲ್ಲ. ಕೂಡದು ಎಂದು ಹೇಳಿದೆ, ನನ್ನ ಲೆಕ್ಕ ಚುಕ್ತಾ ಆಯಿತು ಎಂದುಕೊಂಡೆ. ನಾನು ಸರಿಯಾಗಿದ್ದರೆ ಸಾಕು, ಲೂನಾ ಏನಾದರೂ ಆಗಲಿ. ನೀನು ದೋಣಿ ಹತ್ತಿ ಹೋದೆ, ನನ್ನನ್ನು ಊರು ಹೊಗಳಿತು. ಆ ಹೊಗಳಿಕೆಯನ್ನು ಹನ್ನೊಂದು ವರ್ಷ ಹೊತ್ತಿದ್ದೇನೆ.

ಲೂನಾಳ ಮಗಳ ಹೆಸರು ಎಸ್ತ್ರೆಯಾ. ಏಳು ವರ್ಷದಿಂದ ನನ್ನ ಮನೆಗೆ ಓದಲು ಬರುತ್ತಾಳೆ. ನನ್ನ ಮೊಮ್ಮಕ್ಕಳಿಗಿಂತ ಜಾಣೆ, ಅವರಿಗಿಂತ ಹಟಮಾರಿ. ಶಾಸ್ತ್ರ ಬಾಗಿಲು ಮುಚ್ಚಿರುವುದು ಮದುವೆಗೆ; ನನ್ನ ಮನೆಗಲ್ಲ. ಇದನ್ನು ನೀನು ಕೇಳಿರಲಿಲ್ಲ. ಹೇಳಬೇಕೆನಿಸಿತು.

ನಿನ್ನ
ವಿದಾಲ್


ಸಫೇದ್, ಆವ್ ತಿಂಗಳ ಇಪ್ಪತ್ತೆರಡು, ೫೩೩೫

ವಿದಾಲ್,

ಹನ್ನೆರಡು ದಿನ ನಿನ್ನ ಕಾಗದವನ್ನು ಶತ್ರುವಿನ ಹಾಗೆ ಓದಿದೆ. ನೀನು ಪಾಠಶಾಲೆಯ ಬೆಂಚಿನ ಮೇಲೆ ಹೇಗೆ ಓದುತ್ತಿದ್ದೆಯೋ ಹಾಗೆ.

ಕೆಮ್ಮಿನ ತೀರ್ಪು: ಹೆಸರು ಮೊದಲು ಬಂತು, ಊರು ಮೊದಲು ಬಂತು, ಕೆಮ್ಮು ಆಮೇಲೆ. ತಾನಾಗಿ ಹೊರಟ ಮಾತನ್ನು ನಡುವೆ ಯಾರು ಕೇಳಿದರೂ ಅದು ಕೆಡುವುದಿಲ್ಲ. ಕೆಮ್ಮು ಕೇಳಿದರೂ ಕೆಡುವುದಿಲ್ಲ. ಮೊಟ್ಟೆ ಸುಲಿದದ್ದು ಪ್ರಶ್ನೆಯಲ್ಲ, ಊಟ. ಹೆಣ ನೀರಿನಿಂದ ಬಂದ ಹೊತ್ತಿಗೇ ಮುಖ ಕಂಡಿದ್ದಾನೆ, ಗುರುತು ಹಿಡಿದಿದ್ದಾನೆ, ತಾನೇ ಹೂಳಿದ್ದಾನೆ. ದಡವಿಲ್ಲದ ಸಮುದ್ರಕ್ಕೆ ಇಲ್ಲಿ ದಡ ಸಿಕ್ಕಿತು.

ಈ ಸಲ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಸಲೋನಿಕಾದವನೇ ಆದ ಬರ್ಜಿಲಾಯ್ ಎಂಬ ಬೇರೊಬ್ಬ ಸಾಬೂನು ವ್ಯಾಪಾರಿ ಸಮುದ್ರದ ಮೇಲೆ ತಿರುಗುತ್ತಿದ್ದನೇ ಎಂದು ನಾನೇ ಸಿದೋನ್‌ಗೆ ಇಳಿದು ವ್ಯಾಪಾರಿಗಳನ್ನು ವಿಚಾರಿಸಿದೆ. ಉತ್ತರ ಏನು ಬರುತ್ತದೋ ಎಂದು ಹೆದರಿಕೊಂಡೇ ಕೇಳಿದೆ. ಯಾರೂ ಇರಲಿಲ್ಲ.

ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಇಂಥ ಕಾಗದಕ್ಕೆ ಸಹಿ ಹಾಕುವವರು ತಮ್ಮ ರಕ್ಷಣೆಗೆ ಸೇರಿಸುವ 'ಇತರರು ಒಪ್ಪಿದರೆ' ಎಂಬ ಷರತ್ತನ್ನು ನಾನು ಸೇರಿಸಿಲ್ಲ. ಗೆಳೆಯಾ, ಇಷ್ಟು ವರ್ಷ ಗುಟ್ಟಿನ ಗ್ರಂಥಗಳಲ್ಲಿ ಬಲಗೈ ಎಡಗೈ ಸೇರುವ ಜಾಗವನ್ನು ಹುಡುಕಿದೆ. ನಿನ್ನನ್ನು ಗೆಳೆಯನಾಗಿ ಪಡೆದದ್ದಕ್ಕೆ ದೇವರಿಗೆ ಋಣಿ.

ಒರೋವಿದಾಗೆ ಈಗ ನನ್ನ ಹೆಸರು ಹೇಳಬಹುದು.

ಸೆಮಾಹ್


ಸಲೋನಿಕಾ, ಹೆಶ್ವಾನ್ ತಿಂಗಳ ಮೂರು, ೫೩೩೬

ಸಫೇದಿನ ರಬ್ಬಿ ಸೆಮಾಹ್ ಅವರಿಗೆ,

ನನಗೆ ಬರೆಯಲು ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ರಬ್ಬಿ ವಿದಾಲ್ ಅವರ ಮನೆಯ ರೇನಾ ಅಮ್ಮ ಬರೆಯುತ್ತಿದ್ದಾರೆ.

ನಿಮ್ಮ ಕಾಗದ ಹಬ್ಬಗಳು ಮುಗಿದ ಮೇಲೆ ಬಂತು. ರಬ್ಬಿಗಳು ನನ್ನನ್ನು ಸಭೆಗೆ ಕರೆಯಲಿಲ್ಲ, ತಾವೇ ಮನೆಗೆ ಬಂದರು. ನಿಂತುಕೊಂಡೇ ಮೂರು ಸಹಿಯನ್ನೂ ಓದಿದರು. ಆ ಅಡುಗೆಯವನು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಓದಿದರು. ಉಪ್ಪು ಇಸಿದುಕೊಂಡ ಮಾತು ಬಂದಾಗ ನಮ್ಮಮ್ಮ ಬುಲಾ, "ಮನೇಲೂ ಹಂಗೇ, ಉಪ್ಪು ಸಾಲ್ದು ಸಾಲ್ದು ಅಂತಿದ್ದ," ಎಂದರು. ಅವನು ನಗುತ್ತಿದ್ದನಂತೆ, ದಿನಾ. ಅಷ್ಟು ತಿಳಿದದ್ದು ನನಗೆ ದೊಡ್ಡದು.

ಬಿಡುಗಡೆಯಾದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಐದು ವರ್ಷ ಒಂದು ಹನಿ ಹಾಕಿರಲಿಲ್ಲ ನಾನು. ಅತ್ತರೆ ಅವನನ್ನು ನಾನೇ ಸಾಯಿಸಿದ ಹಾಗೆ, ಅಳದಿದ್ದರೆ ಮರೆತ ಹಾಗೆ. ಈಗ ಅಳಬಹುದೇ ಎಂದು ಕೇಳಿದೆ. ರಬ್ಬಿಗಳು ನನ್ನ ಅಂಗಿಯ ಕೊರಳಪಟ್ಟಿಯನ್ನು ಶಾಸ್ತ್ರದಂತೆ ಹರಿಯಲು ಹೇಳಿದರು. ಆಮೇಲೆ ಬಹಳ ಮೆಲ್ಲಗೆ, "ಸಾವು ಹಳೇದಾಗಿ ಸುದ್ದಿ ಹೊಸದಾಗಿ ಬಂದ್ರೆ ಏಳು ದಿನದ ಶೋಕ ಇಲ್ಲಮ್ಮ. ಶಾಸ್ತ್ರ ಕೊಟ್ಟಿರೋದು ಒಂದೇ ಗಂಟೆ," ಎಂದರು. ಹೇಳಲು ಅವರಿಗೆ ಕಷ್ಟವಾಯಿತು. ಆದರೆ ಹೇಳಿದರು, ಇದ್ದದ್ದನ್ನು ಇಲ್ಲವೆನ್ನುವವರಲ್ಲ ಅವರು.

ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತೆ. ಅವರೂ ಚಪ್ಪಲಿ ಬಿಟ್ಟು, ಆ ವಯಸ್ಸಿನಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ. ನಾನು ಅತ್ತೆ. ಕಿಟಕಿಯ ಬಿಸಿಲು ಚಾಪೆಯ ಮೇಲಿತ್ತು, ಆಮೇಲೆ ಬಾಗಿಲ ಹತ್ತಿರ ಹೋಯಿತು, ಆಮೇಲೆ ಗೋಡೆ ಹತ್ತಿತು. ನನಗೆ ಹೆದರಿಕೆಯಾಯಿತು. ಶಾಸ್ತ್ರ ಮೀರಿದೆನೇನೋ ಎಂದು, "ಒಂದ್ ಗಂಟೆ ಆಗೋಯ್ತಾ ರಬ್ಬಿಗಳೇ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ," ಎಂದರು. "ಹೊತ್ತು ನೋಡೋದೇ ಮರೆತೆ."

ರೇನಾ ಅಮ್ಮ ಇಲ್ಲಿ ಲೇಖನಿ ನಿಲ್ಲಿಸಿ, "ನಲವತ್ತು ವರ್ಷದಲ್ಲಿ ಈ ಮನುಷ್ಯ ಒಂದಿನ ಹೊತ್ತು ಮರೆತಿದ್ದು ನಾನ್ ಕಾಣೆ," ಎನ್ನುತ್ತಿದ್ದಾರೆ. ಅದನ್ನೂ ಬರೆಯಿರಿ ಎಂದಿದ್ದೇನೆ.

ಹಾಗಾಗಿ ಅಳು ಮುಗಿದ ಮೇಲೆಯೇ ನಾನು ಎದ್ದೆ.

ನಿಮಗೆ ನಮಸ್ಕರಿಸುವ,
ಬರ್ಜಿಲಾಯ್‌ನ ವಿಧವೆ ಒರೋವಿದಾ